ತಿದಿಗೆ ಜೀನ್ಸಿನ ತೇಪೆ

ಅಂತೋಣಪ್ಪನ ಅಕಾರ್ಡಿಯನ್ನಿಗೆ ಮೂರು ತೂತು.
ಮೊದಲನೆಯದು ಇಲಿ ಕಡಿದದ್ದು,
ಎರಡನೆಯದು ಸಿರುಗುಪ್ಪದ ಮದುವೆಯಲ್ಲಿ ಪಟಾಕಿ ಸಿಡಿದದ್ದು,
ಮೂರನೆಯದನ್ನು ಕೇಳಿದರೆ
"ನಿನಗ್ಯಾಕಪ್ಪ" ಅಂತಾನೆ.
ಮೂರಕ್ಕೂ ಕೌಲ್‌ಬಜಾರಿನ ಘಟಕದಲ್ಲಿ ಉಳಿದ
ನೀಲಿ ಜೀನ್ಸಿನ ಚೂರು, ಸೈಕಲ್ ಪಂಕ್ಚರಿನ ಅಂಟು.
ತಿದಿ ಪೂರ್ತಿ ಬಿಚ್ಚಿದಾಗ ಒಂದು ಜೇಬು ಕಾಣಿಸುತ್ತದೆ.
ಒಳಗೇನಿದೆ ಎಂದು ಮಕ್ಕಳು ಕೇಳುತ್ತಾರೆ.
"ಗಾಳಿ," ಅಂತಾನೆ, "ಪಗಾರದ ದಿನದ ತನಕ."

ನಾನು ಡ್ರೈವರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ
ಕ್ರೇನು ಕೂಡಿಸಲು ಬಂದ ಕೆರಿಬಿಯನ್ ದ್ವೀಪದ ರಮೋನ್
ಐದು ತಿಂಗಳು ನನ್ನ ಹಿಂದಿನ ಸೀಟಿನಲ್ಲಿ ಕೂತ.
ಹಿಂದಿನ ಸೀಟು ಅಂದೆನಲ್ಲ, ಸುಳ್ಳು;
ಮೂರನೇ ದಿನಕ್ಕೇ ಮುಂದೆ ಬಂದು
ನನ್ನ ಡೆಕ್ಕಿಗೆ ತನ್ನ ಪೆನ್‌ಡ್ರೈವ್ ಚುಚ್ಚಿದ.
ಕ್ರಿಕೆಟ್ಟಿನ ದೇಶವಾ ಎಂದೆ.
ಅದರ ಪಕ್ಕದ್ದು, ನಮ್ಮ ದಾಂಡು ಬೇರೆ, ಎಂದ.
ಕುಡತಿನಿಯವರೆಗೆ ನನಗೆ ತಲೆನೋವು.
ಗೇಟು ಬಿದ್ದು ಅದಿರಿನ ಗೂಡ್ಸು ಹಾಯುವಾಗ
ಐವತ್ತೆಂಟು ಡಬ್ಬಿ ಎಣಿಸುತ್ತ ಕೂತ ನನ್ನ ಎಡಗಾಲು
ಕ್ಲಚ್ಚಿನ ಮೇಲೆ ತಾನೇ ತಾನಾಗಿ ಕುಣಿಯಿತು.

ಅವರ ಊರಲ್ಲಿ ಈ ಕುಣಿತಕ್ಕೆ ಒಂದು ಕಾಲು ಎಳೆಯಬೇಕಂತೆ.
ಯುದ್ಧದಿಂದ ಕುಂಟುತ್ತ ಬಂದವನೊಬ್ಬ
ಹಬ್ಬದಲ್ಲಿ ಕುಣಿಯಲು ನಿಂತನಂತೆ;
ಅವನಿಗೆ ಮುಜುಗರವಾಗದಿರಲಿ ಎಂದು
ಊರಿಗೆ ಊರೇ ಕಾಲೆಳೆಯಿತಂತೆ.
ನಿಜವೋ ಸುಳ್ಳೋ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದು.
ನಮ್ಮಲ್ಲಿ ಕಾಲೆಳೆಯುವುದು ಅಂದರೆ ಬೇರೆ.
ಅದನ್ನು ಯಾವ ಸನ್ನೆಯಲ್ಲಿ ಹೇಳಲಿ?

ಹೋಗುವಾಗ ಬಿಟ್ಟುಹೋದ ಪೆನ್‌ಡ್ರೈವನ್ನು
ಅಂತೋಣಪ್ಪನಿಗೆ ಕೊಟ್ಟೆ.
ಸಂಡೂರಿನ ಲಾರಿ ತುಳಿದ ಬಲಗಾಲನ್ನು
ಕಟ್ಟೆಯ ಮೇಲೆ ಚಾಚಿಕೊಂಡು ಕೇಳಿದ.
ಒಂದು ಸಲ. ಬೀಡಿ ಆರಿಸಿ ಇನ್ನೊಂದು ಸಲ.
"ಇದರಾಗ ಪೆಟ್ಟಿಗಿ ಜಗಳ ಮಾಡ್ತೈತಲೋ," ಅಂದ,
"ಡೋಲು ಬಾಗಿಲು ಬಡಿತೈತಿ, ಇದು ಒಳಗಿಂದ ಬೈತೈತಿ."

ಕಾಲಿನ ಕಥೆ ನಾನು ಹೇಳಲಿಲ್ಲ.

ಅವನಪ್ಪ ಗುಂತಕಲ್ಲಿನ ರೈಲ್ವೆ ಕ್ಲಬ್ಬಿನಲ್ಲಿ
ಶನಿವಾರ ರಾತ್ರಿ ಕ್ಲಾರಿನೆಟ್ ಊದಿದವನು.
ದೊರೆಗಳು ಹೋದ ಮೇಲೆ ಗಾರ್ಡುಗಳಿಗೆ,
ಗಾರ್ಡುಗಳೂ ಹೋದ ಮೇಲೆ ಖಾಲಿ ಕುರ್ಚಿಗಳಿಗೆ.
ಜಾಜ್ ಅಂದರೇನೆಂದು ಮಗನಿಗೆ ಹೇಳಿದ್ದನಂತೆ:
ದಾರಿ ಗೊತ್ತಿದ್ದೂ ಸಂದಿ ಹಿಡಿಯೋದು,
ಊಟದ ಹೊತ್ತಿಗೆ ಮನೆ ಸೇರೋದು.
ಆ ಸಂದಿಗಳಿಗೆಲ್ಲ ಅಂತೋಣಪ್ಪ
ನಲವತ್ತು ವರ್ಷ ಬೀಗ ಹಾಕಿಟ್ಟಿದ್ದ;
ಮೆರವಣಿಗೆಯವರಿಗೆ ಅವು ಯಾಕೆ ಬೇಕು?

ಫಿಲೋಮಿನಮ್ಮನ ಗಜ್ಜರಿ ತುರಿಯುವ ತಗಡು ಕಾಣೆಯಾಯಿತು.
ಸಿಕ್ಕಿದ್ದು ಇಸ್ತ್ರಿ ಹುಡುಗ ಜಿಲಾನಿಯ ಕೈಯಲ್ಲಿ,
ಚಮಚೆಯಿಂದ ಗೀರುತ್ತಿದ್ದ:
ಚರಕ್ ಚರ ಚರ, ಚರಕ್ ಚರ ಚರ.
ಹಲಗೆಗೆ ಹುಲುಗಪ್ಪ.
ಮೊಹರಮ್ಮಿನ ಹೆಜ್ಜೆಗೆ ಬಾರಿಸಿ ಜಡ್ಡುಗಟ್ಟಿದ ಕೈಗೆ
ಹೊಸ ಹೊಡೆತ ಎರಡೇ ದಿನಕ್ಕೆ ಹತ್ತಿತು.
"ಇದು ನಮ್ದೇ. ಸ್ವಲ್ಪ ಅವಸರದಾಗೈತಿ."

ಕರೆಂಟು ಹೋದಾಗೆಲ್ಲ ಬಣ್ಣದ ತೊಟ್ಟಿಯ ಪಕ್ಕ ತಾಲೀಮು.
ಹೊಲಿಗೆ ಮೆಷಿನ್ನು ನಿಂತ ಮೌನದಲ್ಲಿ
ಬಲಗೈ ದ್ವೀಪದ ಜಗಳ ಆಡುತ್ತಿತ್ತು,
ಎಡಗೈ ಗುಂತಕಲ್ಲಿನ ಸಂದಿಯಲ್ಲಿ ನುಸುಳಿ
ಎಲ್ಲೋ ಕಳೆದೇ ಹೋಗಿ,
ನಾವು ಉಸಿರು ಹಿಡಿದಾಗ
ಏನೋ ಕಟ್ಟಿಕೊಂಡು ಬಂದು ಬಾಗಿಲು ತಟ್ಟುತ್ತಿತ್ತು.

ಘಟಕದ ಮಾಲೀಕ ಪಂಪಣ್ಣನ ಮಗಳ ಮದುವೆ.
ಬೆಂಗಳೂರು ರೋಡಿನ ತಿರುವಿನಲ್ಲಿ ನುಡಿಸಿಯೇಬಿಟ್ಟ.
ಬೀಗರು ನಿಂತರು. ಕುದುರೆ ನಿಂತಿತು.
"ಏ, ಸಿನಿಮಾದ್ದು ಹೊಡಿಯೋ" ಎಂದರು ಯಾರೋ.
ಕುಣಿದದ್ದು ಒಬ್ಬರೂ ಇಲ್ಲ,
ತಲೆಯ ಮೇಲೆ ದೀಪದ ಕುಂಡ ಹೊತ್ತ ಹೆಂಗಸರನ್ನು ಬಿಟ್ಟರೆ.
ಅವರೂ ಕತ್ತು ಅಲ್ಲಾಡಿಸುವಂತಿಲ್ಲ,
ಒಬ್ಬಳಿಂದ ಒಬ್ಬಳಿಗೆ ವೈರು.
ಕಾಲು ಮಾತ್ರ, ಒಂದನ್ನು ಇಟ್ಟು ಒಂದನ್ನು ಎಳೆದು,
ವೈರು ಬಿಗಿಯಾಗದ ಹಾಗೆ.
ಅಂತೋಣಪ್ಪ ನೋಡಿದ. ತನ್ನ ಕಾಲನ್ನೂ ನೋಡಿಕೊಂಡ.
ಆಮೇಲೆ ಸಿನಿಮಾದ್ದು ನುಡಿಸಿದ.

ಪಂಪಣ್ಣ ಐನೂರು ಮುರಿದುಕೊಂಡ.
ವಾಪಸ್ಸು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅಕಾರ್ಡಿಯನ್ನು,
ಮುಂದೆ ನಾವಿಬ್ಬರು.
ರಸ್ತೆಯ ಗುಂಡಿ ಬಂದಾಗೆಲ್ಲ
ಹಿಂದಿನಿಂದ ಸಣ್ಣಗೆ ಒಂದು ದನಿ.
"ಅದು ಯಾವ ಸ್ವರ?" ಎಂದೆ.
"ಮೂರನೇ ತೂತು," ಎಂದ.